ರೈಲು ನೋಡುವ ಕಟ್ಟೆ
(ಯುವಕ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ನಮ್ಮ ಇಬ್ಬರು ಹುಡುಗರು ಮೊಬೈಲು ಹಿಡಿದು ಹಳಿಯ ಮೇಲೆ ನಿಂತು, ಎದುರಿಗೆ ಬರುವ ರೈಲಿನ ಚಿತ್ರ ತೆಗೆಯುತ್ತಿದ್ದುದೂ, ಹಳಿ ಕೆಲಸದಾತ ಕೂಗಿ ಓಡಿಸಿ ಅವರ ಜೀವ ಉಳಿಸಿದ್ದೂ ತಮಗೆಲ್ಲ ತಿಳಿದೇ ಇದೆ. ಅವರನ್ನು ಬೈಯಲು ನಾನು ಎದ್ದು ನಿಂತಿಲ್ಲ. ಆ ಕೆಲಸ ಮನೆಯವರು ಮಾಡಿ ಮುಗಿಸಿದ್ದಾರೆ. ರೈಲು ನೋಡುವ ಆಸೆ ಯಾರಿಗಿಲ್ಲ? ಇಂಥ ಆಸೆಯವರಿಗಾಗಿ ಅಮೆರಿಕದ ಒಂದು ಸಣ್ಣ ಊರು ಏನು ಏರ್ಪಾಡು ಮಾಡಿದೆಯೆಂಬುದನ್ನು ಈ ದಿನ ಹೇಳುತ್ತೇನೆ.

ಆ ಊರಿನ ಹೆಸರು ಫೋಕ್‌ಸ್ಟನ್. ಜಾರ್ಜಿಯ ರಾಜ್ಯದಲ್ಲಿ ಫ್ಲಾರಿಡದ ಗಡಿಗೆ ಹತ್ತಿರವಿದೆ. ಫ್ಲಾರಿಡಕ್ಕೆ ಹೋಗಿಬರುವ ಗಾಡಿಗಳಲ್ಲಿ ಬಹುಪಾಲು ಇಲ್ಲಿನ ಜೋಡಿ ಹಳಿಯ ಮೇಲೆಯೇ ಹಾಯಬೇಕಾದ್ದರಿಂದ ಜನ ಇದನ್ನು ಫನಲ್, ಅಂದರೆ ಎಣ್ಣೆ ಹೊಯ್ಯುವ ಲಾಳಿಕೆ, ಎಂದೇ ಕರೆಯುತ್ತಾರೆ. 2001ರಲ್ಲಿ ಹಳಿಯ ಪಕ್ಕದಲ್ಲಿ, ಅಪಾಯದ ಅಂತರ ಬಿಟ್ಟು, ಚಾವಣಿಯುಳ್ಳ ಕಟ್ಟೆಯೊಂದನ್ನು ಕಟ್ಟಿದರು. ಕುಳಿತು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬರಲಾರದವರಿಗೆ ಕ್ಯಾಮರಾ ಇದೆ. ಇಂಟರ್ನೆಟ್ಟಿನಲ್ಲಿ ಹಗಲಿರುಳೂ ನೋಡಬಹುದು.

ಇದರಲ್ಲಿ ಮಾಯವೇನೂ ಇಲ್ಲ. ಮಳೆಗೆ ಕೆಡದ ಕ್ಯಾಮರಾ ಒಂದನ್ನು ಗೋಡೆಗೋ ಕಂಬಕ್ಕೋ ಬಿಗಿಯುತ್ತಾರೆ. ಒಂದೇ ತಂತಿಯಲ್ಲಿ ವಿದ್ಯುತ್ತೂ ಚಿತ್ರವೂ ಹರಿಯುತ್ತವೆ. ಆ ತಂತಿ 100 ಮೀಟರು ಮೀರಬಾರದು. ಸ್ಪಷ್ಟವಾದ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಹೊರಕ್ಕೆ ಹೋಗಬೇಕು. ಲೆಕ್ಕ ಹಾಕಿ ನೋಡಿ, ದಿನಕ್ಕೆ 54 ಗಿಗಾಬೈಟ್ ಆಯಿತು! ಮೊಬೈಲಿನ ದಿನದ ಪ್ಯಾಕಿನಲ್ಲಿ ಈ ಕೆಲಸ ಸಾಗದು.

ಆದರೆ ನನಗೆ ಕ್ಯಾಮರಾಕ್ಕಿಂತ ರೇಡಿಯೋ ಭಾಗವೇ ಹೆಚ್ಚು ಸೊಗಸಾಗಿ ಕಂಡಿತು. ಕಟ್ಟೆಯ ಮೇಲೊಂದು ಧ್ವನಿವರ್ಧಕವಿದೆ. ಅದರಲ್ಲಿ ಗಾಡಿ ನಡೆಸುವವರ ಮಾತು ಕೇಳುತ್ತದೆ: ಸಿಗ್ನಲ್ ಯಾವ ಬಣ್ಣದಲ್ಲಿದೆಯೆಂದು ಅವರು ಗಟ್ಟಿಯಾಗಿ ಹೇಳುತ್ತಾ ಬರುತ್ತಾರೆ. ಹಳಿಯ ಬದಿಯಲ್ಲಿ ಗಾಲಿಯ ಬಿಸಿಯನ್ನು ಪರೀಕ್ಷಿಸುವ ಯಂತ್ರಗಳಿವೆ. ಗಾಡಿ ದಾಟಿದ ಮೇಲೆ ಆ ಯಂತ್ರವೇ ಬಾಯಿಬಿಟ್ಟು, ದೋಷವಿಲ್ಲ, ಅಚ್ಚುಗಳು ಇಷ್ಟು ಎಂದು ಒಪ್ಪಿಸುತ್ತದೆ. ಅಲ್ಲಿ ರೈಲ್ವೆಯವರು ಮಾತಾಡುವುದು 160, 161 ಮೆಗಾಹರ್ಟ್ಸಿನ ಸುಮಾರಿನಲ್ಲಿ. ಹಿಡಿಯಲು ಒಂದೂವರೆ ಅಡಿಯ ಆಂಟೆನಾ ಸಾಕು; ಆದರೆ ಅದು ಎತ್ತರದಲ್ಲಿರಬೇಕು, ಸಿಡಿಲಿಗೆ ಅರ್ಥಿಂಗ್ ಮಾಡಿರಬೇಕು. ಧ್ವನಿಯನ್ನು ಸೆಕೆಂಡಿಗೆ 16 ಕಿಲೋಬಿಟ್‌ನಂತೆ ಕಳಿಸಿದರೆ ದಿನಕ್ಕೆ ಸುಮಾರು 173 ಮೆಗಾಬೈಟ್ ಮಾತ್ರ.

ಹೊಸಬರು ಎಡವುವ ಒಂದು ಸ್ಥಳವಿದೆ. ಚಿತ್ರ ಒಂದು ದಾರಿ, ಧ್ವನಿ ಒಂದು ದಾರಿ ಹೋದರೆ ಎರಡೂ ಬೇರೆ ಬೇರೆ ಹೊತ್ತಿಗೆ ತಲಪುತ್ತವೆ. ಗಾಡಿ ಹೋಗಿ ಅರ್ಧ ನಿಮಿಷವಾದ ಮೇಲೆ "ಬರುತ್ತಿದ್ದೇವೆ" ಎಂಬ ಕೂಗು ಕೇಳಿದರೆ ನಗುವಿಗೆ ಈಡು. ಆದ್ದರಿಂದ ಎರಡನ್ನೂ ಕ್ಯಾಮರಾದ ಬಳಿಯೇ ಕೂಡಿಸಿ ಒಟ್ಟಿಗೆ ಕಳಿಸಬೇಕು.

ಹುಡುಗರೇ, ನಿಮ್ಮ ಕಣ್ಣು ಅರಳಿದ್ದು ನನಗೆ ಕಾಣುತ್ತಿದೆ. ರೇಡಿಯೋ ತಂಟೆ ಬೇಡ. ಅಲ್ಲಿ ಕೇಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ನಮ್ಮ ದೇಶದಲ್ಲಿ ಅಂಥ ಯಂತ್ರ ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಬೇಕು. ರೈಲ್ವೆ ಜಾಗದಲ್ಲಿ ಅಪ್ಪಣೆಯಿಲ್ಲದೆ ಕಾಲಿಡುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. ಕ್ಯಾಮರಾ ಇಡುವ ಮನಸ್ಸಿದ್ದರೆ ಮೊದಲು ಸ್ಟೇಷನ್ ಮಾಸ್ತರರನ್ನು ಕೇಳೋಣ, ಅರ್ಜಿ ನಾನೇ ಬರೆದುಕೊಡುತ್ತೇನೆ. ಅವರು ಬೇಡವೆಂದರೆ ಬೇಡ.

ಅಲ್ಲಿಯವರೆಗೆ ಫೋಕ್‌ಸ್ಟನ್ನಿನ ಗಾಡಿಗಳನ್ನೇ ನೋಡೋಣ. ನಮ್ಮಲ್ಲಿ ರಾತ್ರಿ 8 ಗಂಟೆಯಾದಾಗ ಅಲ್ಲಿ ಬೆಳಗಿನ ಬಿಸಿಲು. ಈ ಶನಿವಾರ ಊಟ ಮುಗಿಸಿಕೊಂಡು ಮಂಡಲದ ಕೊಠಡಿಗೆ ಬನ್ನಿ. ಆ ಇಬ್ಬರು ಹುಡುಗರಿಗೆ ಮುಂದಿನ ಬೆಂಚು ಕಾದಿರಿಸಿದ್ದೇವೆ.