ಭರಣಿಯೊಳಗೆ ಉಪ್ಪಿನ ಕೆಲಸ

ಮಾವಿನ ಮಿಡಿಯನ್ನು ಬುಟ್ಟಿಯಲ್ಲಿ ಹಾಗೇ ಇಟ್ಟರೆ ಕೆಲವೇ ದಿನಗಳಲ್ಲಿ ಬಾಡಿ ಕೊಳೆಯುತ್ತದೆ. ಅದೇ ಮಿಡಿ ಉಪ್ಪಿನ ಭರಣಿ ಸೇರಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಸಾಗರ, ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಮನೆಗಳಲ್ಲಿ ಹಳೆಯ ಅಪ್ಪೆಮಿಡಿ ಉಪ್ಪಿನಕಾಯಿ ಕಚ್ಚಿ ನೋಡಿ, ಇನ್ನೂ ಕಟುಂ ಎನ್ನುತ್ತದೆ! ಫ್ರಿಜ್ಜಿಲ್ಲದ ಕಾಲದಿಂದಲೂ ಅದನ್ನು ಕಾಯುತ್ತ ಬಂದದ್ದು ಯಾವುದು?

ಮಳೆಗಾಲಕ್ಕೆಂದು ನಮ್ಮಜ್ಜಿ ಮಿಡಿ ಹಾಕುವಾಗ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಒಳಗಿನ ಓಟೆ ಗಟ್ಟಿಯಾಗುವ ಮೊದಲೇ ಕೊಯ್ದ ಎಳೆ ಮಿಡಿಗಳು ಅವು. ಅಜ್ಜಿ ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ನೆಲಕ್ಕೆ ಬಿದ್ದು ಚೂರು ಜಜ್ಜಿದ್ದರೂ, "ಇದು ಇವತ್ತಿನ ಗೊಜ್ಜಿಗೆ" ಎಂದು ಬದಿಗಿಡುತ್ತಿದ್ದರು. ಸಿಪ್ಪೆ ಒಡೆದ ಜಾಗದಿಂದಲೇ ಸೂಕ್ಷ್ಮಜೀವಿಗಳು ಒಳನುಗ್ಗುವುದು. ತೊಟ್ಟನ್ನೂ ಸ್ವಲ್ಪ ಉಳಿಸುತ್ತಿದ್ದರು. ಪೂರ್ತಿ ಮುರಿದರೆ ಸೊನೆ ಸೋರಿಹೋಗುತ್ತದೆ. ಮೈಗೆ ತಾಗಿದರೆ ಸುಡುವ ಆ ಸೊನೆಯಲ್ಲಿಯೇ ಮಿಡಿಯ ಪರಿಮಳವೂ ಇದೆ.

ತೊಳೆದು, ಒರೆಸಿ, ಆರಿಸಿದ ಮೇಲೆ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಒಂದು ಹನಿ ನೀರೂ ಹಾಕುವುದಿಲ್ಲ. ಆದರೂ ಕೆಲವು ದಿನ ಬಿಟ್ಟು ಇಣುಕಿದರೆ ಒಳಗೆಲ್ಲ ನೀರು! ನುಣ್ಣಗಿದ್ದ ಮಿಡಿಗಳು ಸುಕ್ಕುಗಟ್ಟಿ ಚಿಕ್ಕದಾಗಿರುತ್ತವೆ.

ಆ ನೀರು ಬಂದದ್ದು ಮಿಡಿಯೊಳಗಿಂದಲೇ. ಮಿಡಿಯ ಪ್ರತಿ ಜೀವಕೋಶದ ಸುತ್ತ ತೆಳುವಾದ ಪೊರೆಯಿದೆ. ನೀರು ಅದನ್ನು ಸುಲಭವಾಗಿ ದಾಟುತ್ತದೆ, ಉಪ್ಪು ಅಷ್ಟು ಸುಲಭವಾಗಿ ದಾಟದು. ಹೊರಗೆ ಉಪ್ಪು ಹೆಚ್ಚಿದ್ದರೆ ಒಳಗಿನ ನೀರು ಆ ಕಡೆಗೆ ಹರಿಯುತ್ತದೆ. ಇದೇ ಅಭಿಸರಣೆ. ಬೇಕಾದರೆ ಸೌತೆಕಾಯಿ ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ನೋಡಿ, ತಟ್ಟೆಯಲ್ಲಿ ನೀರು ನಿಂತಿರುತ್ತದೆ.

ಈಗ ಆ ಉಪ್ಪುನೀರಿಗೆ ಒಂದು ಬ್ಯಾಕ್ಟೀರಿಯಾ ಬಿತ್ತೆನ್ನಿ. ಅದೂ ಒಂದು ಜೀವಕೋಶ ತಾನೇ? ಅದರ ನೀರೂ ಹೊರಕ್ಕೆ ಹೋಗುತ್ತದೆ. ನೀರಿಲ್ಲದೆ ಅದು ಬೆಳೆಯಲಾರದು, ಮರಿ ಹಾಕಲಾರದು. 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಅಷ್ಟು ಉಪ್ಪಿನಲ್ಲಿ ಬದುಕುವ ಜೀವಿಗಳು ತೀರ ಕಡಿಮೆ. ಜೊತೆಗೆ ಅಪ್ಪೆಮಿಡಿಯ ಹುಳಿಯೂ ಅವಕ್ಕೆ ಆಗದು. ಹುಳಿ ಮತ್ತು ಉಪ್ಪು ಸೇರಿದರೆ ಕಬ್ಬಿಣ, ತಾಮ್ರವನ್ನೂ ತಿನ್ನುತ್ತವೆ. ಅದಕ್ಕೇ ಪಿಂಗಾಣಿ ಭರಣಿ ಬೇಕು.

ಮಿಡಿ ಬಿಟ್ಟ ನೀರನ್ನು ಅಜ್ಜಿ ಚೆಲ್ಲುತ್ತಿರಲಿಲ್ಲ. ಕುದಿಸಿ ಆರಿಸಿ, ಅದರಲ್ಲೇ ಒಣಮೆಣಸು, ಸಾಸಿವೆ ರುಬ್ಬುತ್ತಿದ್ದರು. ಇಡೀ ಸಾಸಿವೆ ಕಾಳಿಗೆ ಮೂಗಿಗೇರುವ ಘಾಟಿಲ್ಲ, ಗಮನಿಸಿದ್ದೀರಾ? ಕಾಳು ಒಡೆದು ನೀರು ತಾಗಿದಾಗಲೇ ಅದರೊಳಗೆ ಬೇರೆಬೇರೆಯಾಗಿದ್ದ ಎರಡು ವಸ್ತುಗಳು ಸೇರಿ ಘಾಟು ಹುಟ್ಟುತ್ತದೆ. ಆ ಘಾಟು ಬೂಷ್ಟನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ.

ಇಷ್ಟೆಲ್ಲ ಕಾವಲಿದ್ದರೂ ಒಂದು ಒದ್ದೆ ಸೌಟು ಸಾಕು, ಕೆಲಸ ಕೆಡುತ್ತದೆ. ಸೌಟಿನ ನೀರು ಮೇಲ್ಪದರದ ಉಪ್ಪನ್ನು ತೆಳುವಾಗಿಸುತ್ತದೆ, ಬೂಷ್ಟಿಗೆ ಬೇಕಾದ ಗಾಳಿಯೂ ಅಲ್ಲಿಯೇ ಇದೆ. ಮಿಡಿಗಳು ಉಪ್ಪುನೀರಿನಿಂದ ಮೇಲೇಳಬಾರದೆಂದು ಅಜ್ಜಿ ಶುಚಿಯಾದ ಕಲ್ಲು ಹೇರುತ್ತಿದ್ದದ್ದು ಇದಕ್ಕೇ.