ಮೂರ್ತಿ ಮೂತಿಯಾದ ಕಥೆ



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ದೊಡ್ಡ ವಿಷಯ ಬೇಡ, ನಮ್ಮ ಶಾಲೆಗೇ ಸೇರಿದ ಒಂದು ಚಿಕ್ಕ ಕೆಲಸದ ಕಥೆ ಹೇಳುತ್ತೇನೆ.

ಈ ಸಂಪುಟಕ್ಕೆ 50 ವರ್ಷಗಳ ವಿದ್ಯಾರ್ಥಿಗಳ ಪಟ್ಟಿ ಬೇಕಿತ್ತು. ಹಿಂದಿದ್ದ ಗುಮಾಸ್ತರು ದಾಖಲಾತಿ ಪುಸ್ತಕ ನೋಡಿ ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು, ಪುಣ್ಯಾತ್ಮರು. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ! ಆ ಕಾಲದ ಫೈಲುಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ. ಒಳಗೆ 'ಕ' ಎಂದರೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಎ. ಯೂನಿಕೋಡಿನಲ್ಲಾದರೆ 'ಕ'ಗೆ ತನ್ನದೇ ಸಂಖ್ಯೆ ಇದೆ, ಯಾವ ಯೂನಿಕೋಡ್ ಫಾಂಟ್ ಹಾಕಿದರೂ ಅದು 'ಕ'ನೇ.

ಹಾಗಾಗಿ ಶೆಲ್ ಸ್ಕ್ರಿಪ್ಟ್ ಬರೆಯಲು ಕುಳಿತೆ. ಲಿನಕ್ಸ್‌ಗೆ ಒಂದೊಂದಾಗಿ ಕೊಡುವ ಆಜ್ಞೆಗಳನ್ನು ಒಂದೇ ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್‌ಗೆ ಒಂದೇ ಸಾಕು. ಹೆಚ್ಚಿನದನ್ನು 'ಟಿಆರ್' ಎಂಬ ಆಜ್ಞೆ ತೆಗೆಯಿತು. ಆಮೇಲೆ 'ಸೆಡ್'. ಇದು ಕಂಡಲ್ಲೆಲ್ಲ ಅದನ್ನು ಹಾಕು ಎಂದರೆ ಹಾಕುತ್ತದೆ, ಪ್ರಶ್ನೆ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಪಟ್ಟಿ ಕನ್ನಡವಾಯಿತು. ಬೀಗುತ್ತಾ ಮೇಷ್ಟ್ರಿಗೆ ಕಳಿಸಿದೆ.

ಬೆಳಿಗ್ಗೆ ಫೋನು. "ಏನಯ್ಯಾ, ನಮ್ಮ ಮೂರ್ತಿಗಳೆಲ್ಲ ಮೂತಿರ್ ಆಗಿದ್ದಾರಲ್ಲ! ಪಾರ್ವತಿ ಪಾವರ್ತಿ ಆಗಿದ್ದಾಳೆ!"

ಕಾರಣ ಅರ್ಕಾವತ್ತು. ಹಳೆಯ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ 'ರ್' ಮೊದಲು ಬರಬೇಕು. ನಾನು ಇದ್ದಲ್ಲೇ ಬದಲಾಯಿಸಿದ್ದೆ. ಹಿಂದಿನ ಅಕ್ಷರವನ್ನು ಅದರ ಗುಣಿತ, ಒತ್ತು ಸಮೇತ ಹಿಡಿದು, 'ರ್' ಅನ್ನು ಅದಕ್ಕಿಂತ ಮೊದಲು ಕೂರಿಸುವ ಹಾಗೆ ಸೆಡ್‌ಗೆ ಹೇಳಬೇಕಾಯಿತು. ಒಂದೇ ಸಾಲು, ಆದರೆ ಆ ಸಾಲಿಗೆ ಒಂದು ಭಾನುವಾರ ಹೋಯಿತು.

ಇದು ನಗುವ ತಪ್ಪು. ಇನ್ನೊಂದು ಹಾಗಲ್ಲ.

ಕೆಲವು ಪುಟ ಎರಡೆರಡು ಸಲ ಟೈಪ್ ಆಗಿದ್ದವು. ಸಾಲುಗಳನ್ನು ಜೋಡಿಸಿ, ಒಂದೇ ಥರದವು ಒಂದೇ ಉಳಿಯಲಿ ಎಂದೆ. ಅದಕ್ಕೂ ಮೊದಲು, ನೋಡಲು ಚೆಂದವಿರಲಿ ಎಂದು ದಾಖಲಾತಿ ಸಂಖ್ಯೆಯ ಕಾಲಂ ತೆಗೆದು ಹೆಸರು, ವರ್ಷ ಮಾತ್ರ ಉಳಿಸಿದ್ದೆ. ಮೇಷ್ಟ್ರು ತಿದ್ದಿದ ಪಟ್ಟಿ ನೋಡಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ವರ್ಷ ಇಬ್ಬರು ಲಕ್ಷ್ಮಿಯರಿದ್ದರಲ್ಲಪ್ಪ. ಕೆರೆಯಾಚೆ ಲಕ್ಷ್ಮಿ ಎಲ್ಲಿ?" ಎಂದರು.

ಅವಳು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಗ್ರೂಪ್ ಫೋಟೋದಲ್ಲಿ ಇಲ್ಲ, ಅಂಕಪಟ್ಟಿ ಇಲ್ಲ. ಇಲ್ಲಿ ಓದಿದ್ದಳು ಎನ್ನುವುದಕ್ಕೆ ಇದ್ದದ್ದು ದಾಖಲಾತಿ ಪುಸ್ತಕದ ಒಂದು ಸಾಲು. ನನ್ನ ಸ್ಕ್ರಿಪ್ಟು ಅವಳನ್ನು ಟೈಪಿಂಗ್ ತಪ್ಪು ಎಂದುಕೊಂಡು ಅಳಿಸಿತ್ತು. ಸ್ಕ್ರಿಪ್ಟು ಎನ್ನುವುದೇಕೆ, ನಾನೇ.

ಮೂಲ ಫೈಲನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಿದ್ದರಿಂದ ಬದುಕಿಕೊಂಡೆ. ದಾಖಲಾತಿ ಸಂಖ್ಯೆ ವಾಪಸ್ ಹಾಕಿ ಎಲ್ಲವನ್ನೂ ಮೊದಲಿಂದ ಓಡಿಸಿದೆ. ಅವಳೂ ಬಂದಳು, ಅವಳ ಜೊತೆ ಬೇರೆ ಬೇರೆ ವರ್ಷಗಳ ಇನ್ನೂ ಕೆಲವರು ಬಂದರು. ಆಮೇಲೆ ನಾನೂ ಮೇಷ್ಟ್ರೂ ಪುಸ್ತಕ ಮುಂದಿಟ್ಟುಕೊಂಡು, ಅವರು ಓದುವುದು ನಾನು ಗುರುತು ಹಾಕುವುದು, ಹೀಗೆ ಒಂದೊಂದೇ ಹೆಸರು ತಾಳೆ ನೋಡಿದೆವು.

ಆ ಪಟ್ಟಿ ಹತ್ತನೇ ತರಗತಿ ಕೋಣೆಯ ಹೊರಗೋಡೆಗೆ ಅಂಟಿಸಿದೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನೂ ಇದೆ. ಊಟಕ್ಕೆ ಹೋಗುವ ಮುಂಚೆ ನಿಮ್ಮ ಹೆಸರು, ನಿಮ್ಮ ಜೊತೆ ಓದಿ ಇವತ್ತು ಬರಲಾಗದವರ ಹೆಸರು ನೋಡಿ ಬನ್ನಿ. ಸಂಪುಟ ಅಚ್ಚಿಗೆ ಹೋಗುವುದು ಇನ್ನು ಮೇಲೆ.