ಕಾಗದ ಬಾರದ ದಿನಗಳು



ಶತಮಾನೋತ್ಸವದ ಸಂಭ್ರಮದಲ್ಲಿ ಚಿಂತೆಯ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಈ ನೂರು ವರ್ಷಗಳಲ್ಲಿ ನಮ್ಮ ಜನರು ಈ ದೇವಾಲಯದೊಳಗೆ ಹೊತ್ತು ತಂದುದರಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಲ್ಲವೇ?

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿತು. ಅಂದಿನ ಅವಿಭಜಿತ ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಅನ್ನವು ಅಲ್ಲಿಂದಲೇ ಬರುತ್ತಿದ್ದಿತು. ದೂರವಾಣಿ ಮೂಕವಾಯಿತು; ಕಾಗದಗಳು ನಿಂತವು. ಮಗನಿರುವನೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲದ ತಾಯಿಯೊಬ್ಬರಿಗೆ, ದೇವರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದಿರಿ ಎಂದು ನಾವು ಉಪದೇಶಿಸಿದೆವು. ಅವರು ಉತ್ತರಿಸದೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಗೆತ್ಸೆಮನಿ ತೋಪಿನಲ್ಲಿ ಪ್ರಭುವೂ ವ್ಯಾಕುಲಗೊಂಡಿದ್ದರು. ಅಂದು ಅವರು ಶಿಷ್ಯರಿಂದ ಬಯಸಿದುದು ಉಪದೇಶವನ್ನಲ್ಲ, ತಮ್ಮೊಡನೆ ಎಚ್ಚರವಾಗಿರುವುದನ್ನು. ಇದು ನಮಗೆ ಹೊಳೆದುದು ಆ ಬಾಗಿಲು ಮುಚ್ಚಿದ ಮೇಲೆ.

ಭಾನುವಾರದ ಬಲಿಪೂಜೆ ಮುಗಿದೊಡನೆ ಅಂಗಳದಲ್ಲಿ ಹುಟ್ಟುತ್ತಿದ್ದ ವದಂತಿಗಳಿಗೆ ಲೆಕ್ಕವಿರಲಿಲ್ಲ. ಒಬ್ಬರು ಊರೇ ಸುಟ್ಟುಹೋಯಿತೆಂದರು. ಇನ್ನೊಬ್ಬರು ಹಡಗು ಮುಳುಗಿತೆಂದರು. ಹೇಳಿದವರು ಉಂಡು ಮಲಗಿದರು, ಕೇಳಿದವರು ರಾತ್ರಿಯಿಡೀ ಎಚ್ಚರವಿದ್ದರು.

ಕೊನೆಗೆ ವಾರ್ಡಿನ ಗುರ್ಕಾರರು ಒಂದು ಏರ್ಪಾಡು ಮಾಡಿದರು. ಕುವೈತಿನಲ್ಲಿದ್ದವರೆಲ್ಲರ ಹೆಸರು, ಪಾಸ್‌ಪೋರ್ಟ್ ಸಂಖ್ಯೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆಸಿದರು. ಸಂಜೆ ಒಂದು ಮನೆಯಲ್ಲಿ ಎಲ್ಲರೂ ಕೂಡಿ ಜಪಸರ ಮಾಡುವುದು. ಬಳಿಕ ಆಕಾಶವಾಣಿಯ ವಾರ್ತೆ ಕೇಳುವುದು. ಅದರಲ್ಲಿ ಬಾರದ ಸುದ್ದಿಯನ್ನು ಯಾರೂ ಆಡಕೂಡದು. ಹಗಲಿನಲ್ಲಿ ಗಂಡಸರಿಲ್ಲದ ಮನೆಗಳ ಗದ್ದೆಯ ಕಳೆ ಕೀಳಲು ಉಳಿದವರು ಹೋಗತೊಡಗಿದರು. ಚಿಂತೆಯೇನೂ ಹೋಗಲಿಲ್ಲ. ಆದರೆ ಅದಕ್ಕೊಂದು ಹೊತ್ತು ಗೊತ್ತಾಯಿತು, ಕೈಗಳಿಗೆ ಕೆಲಸ ದೊರೆಯಿತು. ಬಾಗಿಲು ಮುಚ್ಚಿಕೊಂಡಿದ್ದ ಆ ತಾಯಿಯೂ ನಾಲ್ಕನೆಯ ದಿನ ಗದ್ದೆಗಿಳಿದರು.

ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ ಬಂದಿತು. ಆಶೀರ್ವದಿಸಿದ ಹೊಸ ತೆನೆಯ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ದೂರದ ಮಕ್ಕಳಿಗೆ ಕಳುಹಿಸುವುದು ನಮ್ಮಲ್ಲಿನ ವಾಡಿಕೆ. ಆ ವರ್ಷ ಕಳುಹಿಸುವುದೆಲ್ಲಿಗೆ? ಆ ತಾಯಿ ಎಂದಿನಂತೆ ಕಾಳುಗಳನ್ನಿಟ್ಟು, ವಿಳಾಸ ಬರೆದು, ಅಂಟಿಸಿ, ಮನೆಯ ಆಲ್ತಾರಿನ ಮೇಲೆ ಶಿಲುಬೆಯ ಹಿಂದೆ ಇಟ್ಟರು. ಎಲ್ಲರೆದುರು ಅವರು ಅತ್ತುದು ಅಂದೇ ಮೊದಲು. ಅತ್ತ ಮೇಲೆ ಹೊಟ್ಟೆ ತುಂಬ ಉಂಡರು.

ಸಿಲುಕಿದವರು ಬಾಗ್ದಾದಿನ ಮಾರ್ಗವಾಗಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಸಾಗಿ ಜೋರ್ಡಾನಿನ ಅಮ್ಮಾನ್ ತಲುಪಬೇಕಾಗಿದ್ದಿತು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಅಕ್ಟೋಬರ್‌ವರೆಗೆ 1,70,000ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಗುರ್ಕಾರರ ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮುಂದೆ ಗುರುತು ಬಿದ್ದಿತು. ಆ ತಾಯಿಯ ಮಗನೂ ಮುಂಬಯಿಯಿಂದ ಬಸ್ಸು ಹಿಡಿದು ಒಂದೇ ಚೀಲದೊಂದಿಗೆ ಬಂದಿಳಿದನು. ಲಕೋಟೆಯನ್ನು ತಾನೇ ಒಡೆದನು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಳಿಸಿದ ದಿನಾರುಗಳಿಗೆ ಬೆಲೆಯಿಲ್ಲ, ಮನೆ ಕಟ್ಟಲು ತಂದ ಸಾಲ ಹಾಗೆಯೇ ಇದೆ. ಹಿಂದಿರುಗಿದ ಕೆಲವರು ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಎದೆ ಡವಗುಟ್ಟುತ್ತ ಕುಳಿತಿದ್ದರು. ಅದನ್ನು ವಿಶ್ವಾಸದ ಕೊರತೆಯೆಂದು ಕೆಲವರು ಆಡಿಕೊಂಡರು. ಅದು ತಪ್ಪು, ನಮ್ಮದೇ ತಪ್ಪು. ಜ್ವರ ಬಂದವರನ್ನು ವೈದ್ಯರ ಬಳಿಗೆ ಕಳುಹಿಸುವ ನಾವು ಇವರನ್ನೂ ಕಳುಹಿಸಬೇಕಾಗಿದ್ದಿತು. ಇಂತಹವರಿಗಾಗಿ ಸರಕಾರವು 2022ರಲ್ಲಿ 14416 ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ಸಂಖ್ಯೆಯನ್ನು ದಯವಿಟ್ಟು ಬರೆದಿಟ್ಟುಕೊಳ್ಳಿರಿ.

2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ದೇಶಕ್ಕೇ ಬೀಗ ಬಿದ್ದಾಗ ಸಂಕಟ ಬೇರೆಯಾಗಿದ್ದಿತು. ಆಗ ಸುದ್ದಿಗೆ ಬರವಿರಲಿಲ್ಲ; ಪ್ರತಿ ನಿಮಿಷವೂ ಮೊಬೈಲಿನಲ್ಲಿ ಸಾವಿನ ಲೆಕ್ಕ. ವೃದ್ಧೆಯಾಗಿದ್ದ ಅದೇ ತಾಯಿ ಮನೆಮಂದಿಯ ಮೊಬೈಲುಗಳನ್ನೆಲ್ಲ ಕೂಡಿಸಿ ಅಕ್ಕಿ ಡಬ್ಬದ ಮೇಲಿರಿಸಿ, ಸಂಜೆಯ ಜಪಸರ ಮುಗಿಯುವ ತನಕ ಯಾರೂ ಮುಟ್ಟಕೂಡದೆಂದು ಮೊಮ್ಮಕ್ಕಳಿಗೆ ಅಪ್ಪಣೆ ಮಾಡಿದರು.